ಹನ್ನೆರಡನೆಯ ಎಡಗೈ

"ನೂರಿಪ್ಪತ್ತು ಜನ. ಹತ್ತಕ್ಕೊಬ್ಬರು ಅಂದ್ರೂ ಹನ್ನೆರಡು ಎಡಚರು ಇರಬೇಕು. ಸಿಕ್ಕಿದ್ದು ಹನ್ನೊಂದೇ. ಇನ್ನೊಬ್ಬ ಎಲ್ಲಿ ಹೋದ?"

ಎಂಜಿನಿಯರು ಗೋಡೆಯನ್ನು ಕೇಳಿದ.

ಕತ್ತರಿ ಕಾರ್ಖಾನೆ ಮೊದಲ ಸಲ ಎಡಗೈಯವರಿಗೆಂದೇ ಕತ್ತರಿ ಮಾಡಿತ್ತು, ಅಲಗುಗಳನ್ನು ಅದಲುಬದಲು ಮಾಡಿ. ಅವನ್ನು ಪರೀಕ್ಷಿಸುವ ಎಡಚರ ಹೆಸರು ಬರೆದುಕೊಳ್ಳುತ್ತಿದ್ದವಳು ಮೇಲ್ವಿಚಾರಕಿ, ಎಲ್ಲರ ಬಾಯಲ್ಲೂ ಅಕ್ಕ. ಅವಳೂ ಹನ್ನೊಂದರಲ್ಲಿ ಒಬ್ಬಳು. ಬೆಳಗಿನಿಂದ ಅವಳ ಮೇಜಿನ ಸುತ್ತ ನಗೆಯೋ ನಗೆ. ಹುಟ್ಟಿದಾಗಿನಿಂದ ಬೈಸಿಕೊಂಡ ಕೈಗಳಿಗೆ ಇವತ್ತು ಬೀಗರ ಮರ್ಯಾದೆ.

"ನಮ್ಮಪ್ಪ ಅಮ್ಮ ಇಬ್ಬರೂ ಬಲಗೈನೋರೇ. ನಾನೊಬ್ಬಳೇ ಹೀಗೆ," ಎಂದಳು ಪಾಲಿಶ್ ಮಾಡುವವಳು.

"ನಾನೂ ನನ್ನ ತಮ್ಮನೂ ಅವಳಿ. ನಾನು ಎಡ, ಅವನು ಬಲ. ಹೊಟ್ಟೇಲೇ ಜಾಗಕ್ಕೆ ಜಗಳ ಆಡಿರಬೇಕು!" ಎಂದ ಪ್ಯಾಕಿಂಗಿನವನು.

ಎಂಜಿನಿಯರು ಓದಿದವನು. "ಸ್ವಲ್ಪ ವಂಶದಿಂದ ಬರುತ್ತೆ, ಸ್ವಲ್ಪ ಬಸಿರಲ್ಲೇ ತೀರ್ಮಾನ ಆಗುತ್ತೆ. ಪೂರ್ತಿ ಯಾಕೆ ಅಂತ ಯಾರಿಗೂ ಗೊತ್ತಿಲ್ಲ," ಎಂದ. ಯಾರೂ ಕಿವಿಗೊಡಲಿಲ್ಲ. ಅವನಿಗೆ ಅವರ ಪಕ್ಕದಲ್ಲಿ ನಿಲ್ಲಬೇಕೆನಿಸಿತು. ಇಲ್ಲಿಗೆ ಬಂದು ಒಂಬತ್ತು ವರ್ಷವಾದರೂ ಯಾರ ಪಕ್ಕದಲ್ಲೂ ಹಾಗೆನಿಸಿರಲಿಲ್ಲ.

"ಅಕ್ಕಾ, ಆ ಇನ್ನೊಬ್ಬ ನಾನೇ," ಎಂದುಬಿಟ್ಟ. "ಚಿಕ್ಕೋನಿದ್ದಾಗ ನಂದೂ ಎಡಗೈ. ಶಾಲೆಗೆ ಸೇರಿಸೋ ಮುಂಚೆ ಅಮ್ಮ ಅಂಗಿಗಳ ಎಡತೋಳಿನ ಬಾಯೆಲ್ಲ ಹೊಲಿದುಬಿಟ್ಟಿದ್ರು. ಒಂದು ವರ್ಷ."

"ಅಯ್ಯೋ ಸಾರ್! ಮೊದಲೇ ಹೇಳೋದಲ್ವಾ? ಬನ್ನಿ, ಬನ್ನಿ."

ಹನ್ನೊಂದು ಜನರೂ ಸರಿದು ಜಾಗ ಮಾಡಿದರು. ಅಕ್ಕ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮುಂದಿಟ್ಟಳು.

ಎಡಗೈಯಲ್ಲಿ ಕತ್ತರಿ ಹಿಡಿದ. ಹೆಬ್ಬೆರಳು, ಕರೆಯದೆ ಬಂದ ನೆಂಟನಂತೆ, ಹಿಡಿಯ ತುದಿಯಲ್ಲಿ ಕೂತಿತು. ಕತ್ತರಿ ಬಟ್ಟೆಯನ್ನು ಕತ್ತರಿಸಲಿಲ್ಲ, ಅಗಿಯಿತು. ಬಲಗೈಗೆ ಬದಲಿಸಿದ. ಎಡಗೈಗೆಂದು ಮಾಡಿದ ಅಲಗು ಗೆರೆಯನ್ನೇ ಮರೆಮಾಡಿತು. ಬಟ್ಟೆ ಮಡಚಿಕೊಂಡು ಸಿಕ್ಕಿಬಿತ್ತು.

"ಹಲ್ಲಲ್ಲಿ ಕತ್ತರಿಸಿ ನೋಡಿ ಸಾರ್!" ಎಂದ ಪ್ಯಾಕಿಂಗಿನವನು.

ನಗೆ ಸೂರು ಮುಟ್ಟಿತು. ಅವನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು, ನಿಜವಾಗಿ ಖುಷಿಯಾಗಿಯೇ ನಕ್ಕ. ಎರಡು ಕೈಗಳೂ ಮೇಜಿನ ಮೇಲೆ, ಯಾರೋ ಮರೆತುಹೋದ ಕೈಗವಸುಗಳಂತೆ ಬಿದ್ದಿದ್ದವು.

"ಆದ್ರೂ ನನ್ನ ಹೆಸರು ಬರ್ಕೊಳ್ಳಿ ಅಕ್ಕಾ. ಕೊನೇಲಿ, ಚಿಕ್ಕದಾಗಿ."

ಅಕ್ಕ ಇನ್ನೂ ನಗುತ್ತಲೇ ಇದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಪೆನ್ನಿಗೆ ಮುಚ್ಚಳ ಹಾಕಿದಳು.

"ಬರೆಯಲ್ಲ ಸಾರ್. ಇದು ಎಡಗೈಲಿ ಕತ್ತರಿಸೋರ ಪಟ್ಟಿ."