ಕ್ಲೋಟಿಲ್ಡ್ ಬಚ್ಚಿಟ್ಟ ಪುಸ್ತಕ

ಬೆಳ್ಳಗಿರುವುದೆಲ್ಲ ಹಾಲಲ್ಲ. ಎಂಬತ್ತನಾಲ್ಕು ವರ್ಷ ಕೆನಡಾದಲ್ಲಿ, ಇಂಗ್ಲಿಷರೇ ತುಂಬಿರುವ ಮ್ಯಾನಿಟೋಬಾದಲ್ಲಿ ಫ್ರೆಂಚ್ ಮಾತಾಡಿಕೊಂಡು ಬದುಕಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಸಾಂ-ಮೆದಾರ್ ವೃದ್ಧಾಶ್ರಮಕ್ಕೆ ಸರ್ಕಾರದಿಂದ ಕಾಗದ ಬಂದಾಗ ನಾನು ಅದನ್ನು ಮೂರು ಸಲ ಓದಿದೆ. ಫ್ರೆಂಚ್ ಮನೆಮಾತಿನವರು ಹತ್ತು ಜನ ಇದ್ದರೆ ಫ್ರೆಂಚ್ ಬಲ್ಲ ನರ್ಸೊಬ್ಬಳನ್ನು ಕೊಡುತ್ತಾರಂತೆ; ವಿಚಾರಿಸಲು ಅಧಿಕಾರಿಯೊಬ್ಬ ಬರುತ್ತಾನಂತೆ. ತಲೆ ಎಣಿಸಲು ಬಂದವರು ಏನಾದರೂ ಕೊಟ್ಟು ಹೋದದ್ದನ್ನು ನಾನಂತೂ ಕಂಡಿಲ್ಲ.

ಆದರೆ ನರ್ಸು ಬೇಕಿತ್ತು. ನನಗಲ್ಲ, ಕ್ಲೋಟಿಲ್ಡ್‌ಗೆ. ಅವಳೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಈಗ ಅವಳಿಗೆ ಮರೆವು, ಇಂಗ್ಲಿಷ್ ಪೂರ್ತಿ ಅಳಿಸಿಹೋಗಿದೆ. ಹೋದ ಚಳಿಗಾಲದಲ್ಲಿ ಒಂದು ರಾತ್ರಿ, ನಾವೆಲ್ಲ ಮಲಗಿದ್ದಾಗ, ಅವಳಿಗೆ ವಾಂತಿ ಬರುವಂತಾಯಿತು. ಅದಕ್ಕೆ ನಮ್ಮ ಮಾತಿನಲ್ಲಿ 'ಹೃದಯ ನೋಯುತ್ತಿದೆ' ಎಂದೇ ಹೇಳುವುದು. ಇಂಗ್ಲಿಷ್ ನರ್ಸಿಗೆ ಫ್ರೆಂಚಿನಲ್ಲಿ ಗೊತ್ತಿದ್ದದ್ದೇ ಹೃದಯ ಎಂಬ ಒಂದು ಪದ. ಆಂಬುಲೆನ್ಸ್ ಬಂತು. ದೊಡ್ಡಾಸ್ಪತ್ರೆಯಲ್ಲಿ ಎರಡು ದಿನ ಎದೆಗೆ ತಂತಿ ಅಂಟಿಸಿ ಮಲಗಿಸಿದರು. ಬಟಾಣಿ ಸೂಪು ಕೆಟ್ಟಿತ್ತು, ಅಷ್ಟೇ. ತಿರುಗಿ ಬಂದವಳು ಒಂದು ವಾರ ಯಾರನ್ನೂ ಮೈ ಮುಟ್ಟಗೊಡಲಿಲ್ಲ. ನಾನು ಸತ್ತ ಮೇಲೆ ಇವಳ ಮಾತು ಯಾರಿಗೆ ತಿಳಿಯುತ್ತದೆ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅವಳನ್ನು ಸೇರಿಸಿದರೆ ನಾವು ಸರಿಯಾಗಿ ಹತ್ತು ಜನ.

ಅಧಿಕಾರಿಯ ಹೆಸರು ಪ್ಲಾಸಿಡ್ ಇಲುಂಗ. ಕಾಂಗೊದಲ್ಲಿ ಹುಟ್ಟಿದವನು. ಕಪ್ಪು ಕೋಟು, ಕೈಯಲ್ಲಿ ಚರ್ಮದ ಚೀಲ, ಇಸ್ತ್ರಿ ಹಾಕಿದಂಥ ಫ್ರೆಂಚು. ನನ್ನ ಅನುಮಾನ ಇಮ್ಮಡಿಯಾಯಿತು. ನಮ್ಮ ಕಾಲದ ಶಾಲಾ ಇನ್‌ಸ್ಪೆಕ್ಟರಿಗೆ ಫ್ರೆಂಚ್ ತಿಳಿಯುತ್ತಿರಲಿಲ್ಲ. ಇವನಿಗೋ ಎಲ್ಲವೂ ತಿಳಿಯುತ್ತದೆ.

"ಈ ಪಟ್ಟಿ ಯಾರ್ ಕೈಗೆ ಹೋಗತ್ತಪ್ಪಾ?" ಎಂದೆ.

"ನರ್ಸನ್ನ ಕೊಡೋರ ಕೈಗೆ, ಒಡಿಲಮ್ಮ."

"ಕಿತ್ಕೊಳ್ಳೋರ ಕೈಗೂ ಹೋಗತ್ತಲ್ಲ?"

"ಹೋಗ್ಬೋದು. ನಿಮ್ಮ ಹತ್ರ ಸುಳ್ಳು ಯಾಕೆ ಹೇಳ್ಲಿ?"

ಆ ಉತ್ತರಕ್ಕೆ ಅವನನ್ನು ಅರ್ಧ ನಂಬಿದೆ. ಉಳಿದರ್ಧ ನನ್ನಲ್ಲೇ ಇಟ್ಟುಕೊಂಡೆ.

ಒಂಬತ್ತು ಜನರ ಹೆಸರು ಬರೆದಾಯಿತು. ಕ್ಲೋಟಿಲ್ಡ್ ಕಿಟಕಿಯ ಬಳಿ ಕೂತು ಮಕ್ಕಳ ಫ್ರೆಂಚ್ ಪುಸ್ತಕವೊಂದನ್ನು ತಿರುವಿಹಾಕುತ್ತಿದ್ದಳು. ಇಲುಂಗ ಅವಳೆದುರು ಮಂಡಿಯೂರಿ, "ಅಮ್ಮಾ, ನಿಮ್ಮ ಮನೆಮಾತು ಯಾವುದು?" ಎಂದು ಕೇಳಿದ.

ಅವಳು ಅವನ ಮುಖ ನೋಡಲಿಲ್ಲ, ಚೀಲ ನೋಡಿದಳು. ಎವೆಯಿಕ್ಕುವುದರೊಳಗೆ ಪುಸ್ತಕ ತೊಡೆಯ ಕೆಳಗೆ ಹೋಯಿತು. ಆ ಕೈಗಳು ಅಷ್ಟು ಚುರುಕಾಗಿ ಆಡಿದ್ದನ್ನು ನಾನು ಹತ್ತು ವರ್ಷಗಳಿಂದ ನೋಡಿರಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಇಂಗ್ಲಿಷಿನಲ್ಲಿ ಒಪ್ಪಿಸಿದಳು: "ಗುಡ್ ಮಾರ್ನಿಂಗ್, ಸರ್. ವಿ ಸ್ಪೀಕ್ ಇಂಗ್ಲಿಷ್, ಸರ್."

ನಮ್ಮ ಶಾಲೆಯಲ್ಲಿ ಫ್ರೆಂಚಿನಲ್ಲಿ ಪಾಠ ಮಾಡುವುದು ಕಾನೂನಿಗೆ ವಿರುದ್ಧವಾಗಿತ್ತು. ಇನ್‌ಸ್ಪೆಕ್ಟರ ಕಾರಿನ ಧೂಳು ದೂರದಲ್ಲಿ ಕಂಡ ಕೂಡಲೇ ಪಾಠ ಹೇಳುವ ಸನ್ಯಾಸಿನಿ, ನಮ್ಮ ಸಿಸ್ಟರ್, ಚಪ್ಪಾಳೆ ತಟ್ಟುತ್ತಿದ್ದರು. ಪುಸ್ತಕಗಳೆಲ್ಲ ತೊಡೆಯ ಕೆಳಗೆ, ಎಲ್ಲರ ಬಾಯಲ್ಲೂ ಇದೇ ವಾಕ್ಯ. ಬಾಯಿ ಬಿಟ್ಟವಳು ಸಾಯುವವರೆಗೂ ಚಾಡಿಕೋರಿ.

ಇಲುಂಗ ಇನ್ನೊಮ್ಮೆ ಕೇಳಿದ. ಅವಳು ಅದನ್ನೇ ಹೇಳಿದಳು.

"ಇವಳಿಗೆ ಇಂಗ್ಲಿಷ್ ಬರಲ್ಲ ಕಣಪ್ಪ. ಬರೋದು ಅದೊಂದೇ ಸಾಲು," ಎಂದೆ.

"ಅವರ ಬಾಯಿಂದಲೇ ಬರ್ಬೇಕು. ನೀವ್ ಹೇಳಿದ್ದನ್ನ ನಾನು ಬರ್ಕೊಳ್ಳೋಹಾಗಿಲ್ಲ." ಅವನ ದನಿಯಲ್ಲಿ ಬೇಸರವಿತ್ತು. ಆದರೂ ಪೆನ್ನಿನ ಮುಚ್ಚಳ ಹಾಕಿದ.

ನಾನು ಬಗ್ಗಿ ಅವಳ ತೊಡೆಯ ಕೆಳಗೆ ಕೈ ಹಾಕಿದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು, ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡಳು. ನಾನು ಕೈ ಕೊಸರಿಕೊಂಡು ಪುಸ್ತಕವನ್ನು ಎಳೆದು ಅವನ ಕೈಗೆ ಕೊಟ್ಟೆ.

"ಒಡಿಲ್," ಎಂದಳು ಕ್ಲೋಟಿಲ್ಡ್. ಈಗ ಅಪ್ಪಟ ಫ್ರೆಂಚಿನಲ್ಲಿ, ಒಂದಕ್ಷರವೂ ತಪ್ಪದೆ: "ನೀನೇ ತೋರಿಸ್ಬಿಟ್ಯಲ್ಲೇ, ಚಾಡಿಕೋರಿ. ಇನ್ನು ಸಿಸ್ಟರನ್ನ ಕರ್ಕೊಂಡ್ ಹೋಗ್ತಾರೆ. ನಿನ್ನಿಂದ್ಲೇ."

ಇಲುಂಗ ಪೆನ್ನು ತೆರೆದು ಹತ್ತನೆಯ ಹೆಸರು ಬರೆದ. ನನ್ನ ಕಡೆ ನೋಡಲಿಲ್ಲ.

ತಿಂಗಳೊಳಗೆ ನರ್ಸು ಬಂದಳು. ಮಿರೆಯ್ ಎಂದು ಹೆಸರು, ಒಳ್ಳೆಯ ಹುಡುಗಿ. ಸರ್ಕಾರ ಮಾತು ಉಳಿಸಿಕೊಂಡಿತು, ನನ್ನ ಅನುಮಾನವೇ ಸೋತಿತು. ಕ್ಲೋಟಿಲ್ಡ್ ಮಂಡಿನೋವು, ನಿದ್ದೆ, ಹೊಟ್ಟೆ ಎಲ್ಲವನ್ನೂ ಅವಳಿಗೆ ಹೇಳಿಕೊಳ್ಳುತ್ತಾಳೆ. ಹೊರಗೆ ನಿಂತು ಕೇಳಿಸಿಕೊಳ್ಳುವಾಗ ನನಗೆ ಹಿತವೆನಿಸುತ್ತದೆ.

ನಿನ್ನೆ ತಡೆಯಲಾರದೆ ಬಾಗಿಲ ತನಕ ಹೋದೆ. ಕ್ಲೋಟಿಲ್ಡ್ ಮಾತು ನಿಲ್ಲಿಸಿದಳು. ಮಿರೆಯ್‌ಳ ತೋಳು ಜಗ್ಗಿ ಪಿಸುಗುಟ್ಟಿದಳು. ಕಿವಿ ಮಂದವಾದವಳ ಪಿಸುಮಾತು ಓಣಿಗೆಲ್ಲ ಕೇಳುತ್ತದೆ.

"ಅವಳ ಮುಂದೆ ನಮ್ ಮಾತು ಆಡ್ಬೇಡ ಮಗಳೇ. ಹಿಡ್ಕೊಡ್ತಾಳೆ."

ಮಿರೆಯ್ ಮುದುಕಿಯ ಸಮಾಧಾನಕ್ಕೆಂದು ತಲೆಯಾಡಿಸಿದಳು. ಆಮೇಲೆ ಎದ್ದು ಬಂದು, ನನ್ನ ಮುಖ ನೋಡಲಾಗದೆ, ಬಾಗಿಲು ಮುಚ್ಚಿದಳು.