ದರ್ಜಿಯ ಬೆನ್ನು

“ಗಲ್ಲ ಇನ್ನೂ ಸ್ವಲ್ಪ ಮೇಲೆ. ಕೈ ಎರಡೂ ಸೊಂಟದ ಮೇಲಿಡಿ. ಭುಜ ಮುಂದಕ್ಕೆ ದಬ್ಬಿ. ಹಾಂ, ಹಾಗೇ. ಜೋರಾಗಿ ಉಸಿರೆಳ್ಕೊಳ್ಳಿ... ಹಿಡೀರಿ...”

ದರ್ಜಿ ಉಸಿರು ಹಿಡಿದ. ಹಿಡಿದುಕೊಂಡೇ ನಿಂತ. ಬೆನ್ನ ಹಿಂದೆ ಹೆಂಡತಿ ಕ್ಯಾಮೆರಾದ ಯಾವುದೋ ಗುಂಡಿ ಒತ್ತಿ “ಇದಲ್ಲ” ಅಂದಳು. ಇನ್ನೊಂದು ಒತ್ತಿ “ಇದೂ ಅಲ್ಲ” ಅಂದಳು. ಅವನ ಮೂಗಿಗೂ ಹಜಾರದ ಗೋಡೆಗೂ ನಡುವೆ ಒಂದು ಗುಂಡುಸೂಜಿ ತೂರುವಷ್ಟೇ ಜಾಗವಿತ್ತು. ಕಿವಿಗಳು ಕೆಂಪಾದವು. ಕೊನೆಗೆ ಅವಳಿಗೇ ಪಾಪ ಅನ್ನಿಸಿ “ಬಿಡಿ” ಅಂದಳು. ಅವನು ಬುಸ್ಸೆಂದು ಬಿಟ್ಟ, ಕೈಗಳು ಜೋತುಬಿದ್ದವು, ಸರಿಯಾಗಿ ಆಗಲೇ ಕ್ಯಾಮೆರಾ ಕ್ಲಿಕ್ ಅಂದಿತು.

“ಒಂದು ಮಾತು ಕೇಳ್ಲೇನೇ?” ದರ್ಜಿ ಗೋಡೆಯ ಕಡೆಗೇ ಮುಖವಿಟ್ಟುಕೊಂಡು ಹೇಳಿದ. “ಫೋಟೋ ಅಂದ್ರೆ ಅದರಲ್ಲಿ ಮುಖ ಇರುತ್ತೆ ಅಂತ ಕೇಳಿದೀನಪ್ಪ ನಾನು.”

ಅಕ್ಕ ಕ್ಯಾಮೆರಾ ಕೆಳಗಿಳಿಸಿದಳು. ಗಂಡನ ಬೆನ್ನು ನೋಡಿದಳು, ಗೋಡೆ ನೋಡಿದಳು, ನಾಲಿಗೆ ಕಚ್ಚಿಕೊಂಡಳು.

ಅಕ್ಕ ಅಂದರೆ ಎಕ್ಸ್‌ರೇ ಅಕ್ಕ. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದು ಎರಡು ತಿಂಗಳ ಹಿಂದೆ ನಿವೃತ್ತಳಾದವಳಿಗೆ ಬೀದಿಯವರು ಇಟ್ಟ ಹೆಸರು. ಎದೆಯ ಎಕ್ಸ್‌ರೇ ತೆಗೆಸಿಕೊಳ್ಳುವವರು ಎದೆಯನ್ನು ಪ್ಲೇಟಿಗೆ ಒತ್ತಿ, ತೆಗೆಯುವವರಿಗೆ ಬೆನ್ನು ಹಾಕಿಯೇ ನಿಲ್ಲಬೇಕು. ದಿನಕ್ಕೆ ನಲವತ್ತು ಜನರನ್ನು ಹಾಗೆ ನಿಲ್ಲಿಸಿದ ಬಾಯಿಗೆ ಇದ್ದಕ್ಕಿದ್ದಂತೆ “ಇಲ್ಲಿ ನೋಡಿ, ನಗಿ” ಅನ್ನು ಅಂದರೆ ಬರುವುದಾದರೂ ಹೇಗೆ?

ಲೆಕ್ಕ ಹಾಕಿದರೆ ಆ ಬೀದಿಯಲ್ಲಿ ಅವಳಷ್ಟು ಚಿತ್ರ ತೆಗೆದವರು ಇನ್ನೊಬ್ಬರಿರಲಿಲ್ಲ. ಆದರೆ ಅವುಗಳಲ್ಲಿ ಒಂದನ್ನಾದರೂ ಯಾರೂ ಆಸೆಪಟ್ಟು ನೋಡಿದ್ದಿಲ್ಲ. ಕವರಿನಿಂದ ತೆಗೆಯದೆಯೇ ಇಸಿದುಕೊಂಡು ಹೋಗುತ್ತಿದ್ದರು, ವಾಸಿಯಾದ ಮೇಲೆ ಬೀರುವಿನ ಹಿಂದೆ ತುರುಕುತ್ತಿದ್ದರು. ಇನ್ನೊಂದು ಸಂಕಟವೂ ಇತ್ತು. ಕಂಡದ್ದನ್ನು ರೋಗಿಗೆ ಹೇಳುವ ಹಾಗಿರಲಿಲ್ಲ; ಅದು ಕೆಲಸದ ಕಟ್ಟುಪಾಡು. “ಏನಾದ್ರೂ ಕಾಣ್ತಾ ಅಕ್ಕಾ?” ಅಂದರೆ “ಡಾಕ್ಟ್ರು ಹೇಳ್ತಾರೆ” ಅನ್ನಬೇಕು. ಪಕ್ಕದ ಮನೆಯಾಕೆಯ ಶ್ವಾಸಕೋಶದಲ್ಲಿ ಕಾಣಬಾರದ್ದು ಕಂಡ ದಿನವೂ ಅಷ್ಟನ್ನೇ ಅಂದು, ಆಕೆಯ ಜೊತೆ ಬಿಸಿಲಿನ ಬಗ್ಗೆ ಮಾತಾಡುತ್ತ ಗೇಟಿನವರೆಗೆ ಹೋಗಿ ಬಂದಿದ್ದಳು. ಒಂದೇ ಒಂದು ಚಿತ್ರ, ಯಾರಾದರೂ ಮೊಳೆ ಹೊಡೆದು ಗೋಡೆಗೆ ಹಾಕಿಕೊಳ್ಳುವಂಥದ್ದು, ತನ್ನ ಕೈಯಿಂದ ಆಗಬೇಕು ಅನ್ನುವ ಆಸೆ ಆವತ್ತಿನಿಂದ ಅವಳಿಗೆ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ.

ಈಗ ಎರಡು ಬೀದಿ ಆಚೆ ಒಂದು ಫೋಟೋಗ್ರಫಿ ಶಾಲೆ ಶುರುವಾಗಿತ್ತು. ವರ್ಷದ ಕೋರ್ಸು. ಫೀಸು ಕೇಳಿ ಅಕ್ಕ ಪಕ್ಕದಲ್ಲಿದ್ದ ಕುರ್ಚಿ ಹುಡುಕಿದ್ದಳು. ಅವಳ ಎಂಟು ತಿಂಗಳ ಪಿಂಚಣಿ. ಮೊದಲೆರಡು ಶನಿವಾರದ ಪಾಠ ಪುಕ್ಕಟೆ, ಬಂದು ನೋಡಿ, ಇಷ್ಟವಾದರೆ ಎರಡನೇ ಶನಿವಾರ ಸಂಜೆ ಐದರೊಳಗೆ ಕಟ್ಟಿ ಎಂದಿದ್ದರು. ಮೊದಲ ಶನಿವಾರ ಮನೆಪಾಠ ಕೊಟ್ಟಿದ್ದರು: ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರ ಭಾವಚಿತ್ರ ತನ್ನಿ.

“ನಾನು ಯಾವ ಶಾಲೆಗೆ ಹೋಗಿ ಹೊಲಿಯೋದು ಕಲಿತೆ?” ಅನ್ನುವುದು ದರ್ಜಿಯ ವಾದ. ಅಂಗಡಿಗೆ ಗುಂಡಿಯ ತೂತಿಗೆ ಕಾಜಾ ಹಾಕುವ ಮೆಷಿನ್ನೊಂದು ಬೇಕೆಂದು ಅವನು ನಾಲ್ಕು ವರ್ಷದಿಂದ ಕನಸು ಕಾಣುತ್ತಿದ್ದ. ಆ ಪಿಂಚಣಿ ಮೇಲೆ ಅವನ ಒಂದು ಕಣ್ಣು ಇತ್ತು ಅನ್ನುವುದನ್ನು ಮುಚ್ಚಿಡುವುದೇಕೆ? “ಕತ್ತರಿ ಹಿಡಿದೆ, ಬಟ್ಟೆ ಹಾಳು ಮಾಡಿದೆ, ಬೈಸ್ಕೊಂಡೆ, ಕಲಿತೆ. ಮೂವತ್ತೈದು ವರ್ಷದಲ್ಲಿ ಒಬ್ಬ ಗಿರಾಕಿ ಭುಜ ಸರಿಯಾಗಿ ಕೂತಿಲ್ಲ ಅಂತ ವಾಪಸ್ ಬಂದಿದ್ದಾನಾ ಕೇಳು.”

ಬಂದಿರಲಿಲ್ಲ. ಅದು ನಿಜ.

ಗೋಡೆಯ ಮುಂದೆ ಫೋಟೋ ತೆಗೆದ ಆ ಭಾನುವಾರವೇ ಮಧ್ಯಾಹ್ನ ಮೈದುನ ಬಂದ. ಆ ಕ್ಯಾಮೆರಾ ಅವನದೇ. ಮೂರು ವರ್ಷದ ಹಿಂದೆ ಹುರುಪಿನಲ್ಲಿ ಕೊಂಡು, ಹನ್ನೊಂದು ಫೋಟೋ ತೆಗೆದು, ಒಂಬತ್ತರಲ್ಲಿ ತನ್ನ ಹೆಬ್ಬೆರಳೇ ಬಂದದ್ದರಿಂದ ಬೇಸತ್ತು ಅತ್ತಿಗೆಗೆ ಸಾಗಹಾಕಿದ್ದ. ಫೀಸಿನ ಸುದ್ದಿ ಕೇಳಿ ಹೌಹಾರಿದ.

“ಅತ್ತಿಗೆ, ದುಡ್ಡು ಹೆಚ್ಚಾಗಿದ್ರೆ ನನಗೆ ಕೊಡಿ. ಎಲ್ಲ ಮೊಬೈಲಲ್ಲೇ ಪುಕ್ಕಟೆ ಸಿಗುತ್ತೆ. ನಾನು ಈಜು ಕಲಿತಿದ್ದು ಹೇಗೆ ಅಂದ್ಕೊಂಡ್ರಿ?”

ಅವನು ಈಜನ್ನು ಮೊಬೈಲಿನಲ್ಲೇ ಕಲಿತಿದ್ದ. ನೀರಿಗೆ ಇಳಿಯುವುದೊಂದು ಬಾಕಿಯಿತ್ತು.

ಮೂವರೂ ಸೋಫಾದ ಮೇಲೆ ಕೂತು ‘ಇಪ್ಪತ್ತು ನಿಮಿಷದಲ್ಲಿ ಭಾವಚಿತ್ರ’ ಎಂಬ ಪಾಠ ನೋಡಿದರು. ಅದರಲ್ಲಿದ್ದವನು, ಎದುರಿನವರನ್ನು ನಗಿಸಿ, ನಕ್ಕ ಗಳಿಗೆಯಲ್ಲಿ ಹಿಡಿಯಿರಿ ಎಂದ. ದರ್ಜಿಯನ್ನು ಕಿಟಕಿಯ ಹತ್ತಿರ ಕೂರಿಸಿದರು. ಮೈದುನ ತನಗೆ ಗೊತ್ತಿದ್ದ ನಗೆಹನಿಗಳನ್ನೆಲ್ಲ ಸುರಿದ. ಒಂದೊಂದಕ್ಕೂ ಅವನೇ ಹೊಟ್ಟೆ ಹಿಡಿದುಕೊಂಡು ನಕ್ಕ. ದರ್ಜಿ ಮಾತ್ರ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ನೆಟ್ಟಗೆ ಕೂತಿದ್ದ.

“ನಗೋ ಅಣ್ಣಾ!”

“ನಗ್ತಾನೇ ಇದೀನಲ್ಲೋ.”

ನಲವತ್ತು ಫೋಟೋ ತೆಗೆದದ್ದಾಯಿತು. ಪ್ರತಿ ಸಲವೂ ಅಕ್ಕನ ಬಾಯಿಂದ “ಹಿಡೀರಿ” ಅನ್ನುವುದು ತಾನಾಗಿ ಹೊರಬಿತ್ತು, ಅವನು ವಿಧೇಯನಾಗಿ ಹಿಡಿದ. ರಾತ್ರಿ ಊಟವಾದ ಮೇಲೆ ಒಂದೊಂದಾಗಿ ನೋಡಿದಳು. ನಲವತ್ತರಲ್ಲೂ ಒಂದೇ ಮುಖ. ಎಲ್ಲೋ ನೋಡಿದ ಮುಖ. ಎಲ್ಲೆಂದು ಹೊಳೆದಾಗ ಅವಳಿಗೆ ಅಳು ಬರುವಂತಾಯಿತು: ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ, ರಿಪೋರ್ಟಿಗೆ ಕಾಯುತ್ತ ಕೂತವರ ಮುಖ ಅದು. ಮೂವತ್ತು ವರ್ಷ ಜೊತೆಗೆ ಉಂಡು ಮಲಗಿದ ಗಂಡನೂ ತನ್ನೆದುರು ಹಾಗೆಯೇ ಕೂತನಲ್ಲ. ಎಂಟು ತಿಂಗಳ ಪಿಂಚಣಿ ಸುರಿದರೆ ಮಾತ್ರ ಈ ಶಾಪ ಬಿಡುತ್ತದೆಯೇ? ಕಾಜಾ ಮೆಷಿನ್ನಾದರೆ ಕೊನೇಪಕ್ಷ ಕಾಜಾ ಹಾಕುತ್ತದೆ.

ಇರುವುದರಲ್ಲಿ ಐದು ಆರಿಸಿ ಪ್ರಿಂಟ್ ಹಾಕಿಕೊಡಲು ಹೇಳಿದರೆ ಪ್ರಿಂಟ್ ಅಂಗಡಿಯವನು ಆರಿಸುವ ಗೋಜಿಗೆ ಹೋಗದೆ ನಲವತ್ತೊಂದನ್ನೂ ಹಾಕಿ, ದುಡ್ಡನ್ನೂ ನಲವತ್ತೊಂದಕ್ಕೇ ಇಸಿದುಕೊಂಡ.

ಎರಡನೇ ಶನಿವಾರ ತರಗತಿಯಲ್ಲಿ ಹತ್ತು ಜನ ಒಂದು ಉದ್ದ ಮೇಜಿನ ಸುತ್ತ ಕೂತರು. ಪಾಠ ಮಾಡುವ ಟೀಚರಿಗೆ ಮೂವತ್ತರ ಆಸುಪಾಸು. ಹೊಗಳುವುದರಲ್ಲಿ ಬಲು ಜಿಪುಣೆ. ಒಬ್ಬ ಹುಡುಗಿ ಅಜ್ಜಿಯ ಸುಕ್ಕುಗಳನ್ನು ತಂದಿದ್ದಳು. ಗಡ್ಡದವನೊಬ್ಬ ತನಗೆ ಚೆನ್ನಾಗಿ ಗೊತ್ತಿರುವ ಒಬ್ಬರೆಂದು ತನ್ನದೇ ಫೋಟೋ ತಂದಿದ್ದ. ಅಕ್ಕನ ಸರದಿ ಬಂದಾಗ ಟೀಚರು ನಲವತ್ತು ದರ್ಜಿಗಳನ್ನು ಇಸ್ಪೀಟಿನ ಎಲೆ ಹಂಚುವಂತೆ ಒಂದೊಂದಾಗಿ ಮೇಜಿನ ಮೇಲೆ ಇಡುತ್ತ ಹೋದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಕೊನೆಯದು ಕೈಗೆ ಬಂದಾಗ ಟೀಚರ ಕೈ ನಿಂತಿತು.

ಅದು ಬೆನ್ನು. ಕುತ್ತಿಗೆಯ ಮೇಲೆ ಭಾನುವಾರವೂ ತೆಗೆಯಲು ಮರೆತ ಅಳತೆ ಟೇಪು. ಕೆಂಪಗಾದ ಕಿವಿಗಳು. ಆಗತಾನೇ ಉಸಿರು ಬಿಟ್ಟ ಬೆನ್ನು, ಕಿಟಕಿಯ ಬೆಳಕಿನಲ್ಲಿ ಸಡಿಲಾಗಿ, ಎಡಭುಜ ಬಲಕ್ಕಿಂತ ಒಂದು ಬೆರಳಿನಷ್ಟು ಕೆಳಗೆ.

“ಇದನ್ನ ಹಿಂದಿನಿಂದ ಯಾಕೆ ತೆಗೆದ್ರಿ ಮೇಡಂ?”

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಗಡ್ಡದವನು ಮುಂದೆ ಬಾಗಿದ. “ಇಲ್ಲಿ ಮುಖದ ನಿರಾಕರಣೆ ಇದೆ. ಶ್ರಮಜೀವಿಯ ಅನಾಮಿಕತೆಯನ್ನ ಇವರು ಗೋಡೆ ಅನ್ನೋ ರೂಪಕದ ಎದುರು ನಿಲ್ಲಿಸಿ ಪ್ರಶ್ನೆ ಮಾಡ್ತಿದಾರೆ.” ಅಜ್ಜಿಯ ಹುಡುಗಿ ತಲೆದೂಗಿದಳು. ಎಲ್ಲರೂ ಅಕ್ಕನನ್ನು ಬೇರೆಯದೇ ಗೌರವದಿಂದ ನೋಡತೊಡಗಿದರು. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದರಲ್ಲಿ ಅವಳಿಗೆ ಮೂವತ್ತೊಂದು ವರ್ಷದ ಅನುಭವವೂ ಇತ್ತು.

“ಹಾಗೇನಿಲ್ಲಪ್ಪ,” ಅಂದಳು. “ನಾನು ಎದೆ ಎಕ್ಸ್‌ರೇ ತೆಗೀತಿದ್ದೋಳು. ಅಭ್ಯಾಸಬಲದಲ್ಲಿ ಗೋಡೆ ಕಡೆ ತಿರುಗಿಸಿ ನಿಲ್ಸಿಬಿಟ್ಟೆ. ಗುಂಡಿ ಯಾವುದು ಅಂತ ಹುಡುಕೋದ್ರಲ್ಲಿ ಅವರು ಉಸಿರು ಬಿಟ್ಟಾಗಿತ್ತು.”

ಮೇಜೇ ಅಲುಗುವ ಹಾಗೆ ಎಲ್ಲರೂ ನಕ್ಕರು. ಗಡ್ಡದವನೊಬ್ಬ ಮಾತ್ರ ಮೋಸಹೋದವನಂತೆ ಕೂತ. ಟೀಚರೂ ಕಣ್ಣೊರೆಸಿಕೊಂಡು ನಕ್ಕರು. ನಕ್ಕಾದ ಮೇಲೂ ಫೋಟೋವನ್ನು ಕೆಳಗಿಡಲಿಲ್ಲ.

ತರಗತಿ ಮುಗಿದ ಮೇಲೆ ಅಕ್ಕ ಹಿಂದೆಯೇ ಉಳಿದಳು. “ನೇರವಾಗಿ ಕೇಳ್ತೀನಿ. ಅಷ್ಟು ದುಡ್ಡು ಕಟ್ಟಿದ್ರೆ ನನಗೆ ಇಂಥ ಫೋಟೋ ತೆಗೆಯೋದು ಕಲಿಸ್ತೀರಾ?”

“ಇದು ಕೈತಪ್ಪಿ ಬಂದಿದ್ದು ಮೇಡಂ. ಬೇಕೂಂತ ಎರಡನೇ ಸಲ ತೆಗೆಯೋದು ಹೇಗೆ ಅಂತ ಹೇಳ್ಕೊಡ್ತೀನಿ. ಫೀಸು ಅದಕ್ಕೆ.”

“ಕಲಿಯೋಕೆ ಆಗದಿದ್ರೆ?”

“ಫೀಸು ವಾಪಸ್ ಕೊಡಲ್ಲ,” ಅಂದರು ಟೀಚರು.

ಆ ಉತ್ತರ ಅಕ್ಕನಿಗೆ ಯಾಕೋ ಹಿಡಿಸಿತು. ಗ್ಯಾರಂಟಿ ಕೊಡುವವರನ್ನು ಆಸ್ಪತ್ರೆಯಲ್ಲಿ ಅವಳು ಬೇಕಾದಷ್ಟು ಕಂಡಿದ್ದಳು.

ನಾಲ್ಕೂಕಾಲಿಗೆ ಅಂಗಡಿಗೆ ಬಂದಾಗ ದರ್ಜಿ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದ. ಅಕ್ಕ ಆ ಬೆನ್ನಿನ ಫೋಟೋವನ್ನು ಮೆಷಿನ್ನಿನ ಮೇಲಿಟ್ಟಳು. ಅವನು ಕನ್ನಡಕ ಏರಿಸಿ ನೋಡಿದ. ನೋಡುತ್ತಾ ನೋಡುತ್ತಾ ಅವನ ಹುಬ್ಬು ಗಂಟಿಕ್ಕಿತು.

“ಛೆ ಛೆ. ಭುಜ ಕೂತೇ ಇಲ್ಲವಲ್ಲೇ. ಬಲಗಡೆ ನೋಡು, ಹೇಗೆ ಎಳೀತಿದೆ. ಈ ಅಂಗಿ ಹೊಲಿದೋನು ಯಾವನೇ?”

“ನೀವೇ ರೀ.”

ಅವನು ಮತ್ತೆ ನೋಡಿದ. ಟೇಪು ಗುರುತು ಹಿಡಿದ. ಆಮೇಲೆ ಕಿವಿ. ಎದ್ದು ಕುತ್ತಿಗೆಯಿಂದ ಟೇಪು ತೆಗೆದು ಅವಳ ಕೈಗೆ ಕೊಟ್ಟು, ತಿರುಗಿ ನಿಂತ. “ಅಳೆ.”

ಅಕ್ಕ ಅಳೆದಳು. ಎಡಭುಜ ಮುಕ್ಕಾಲು ಅಂಗುಲ ಕೆಳಗಿತ್ತು. ಊರವರ ಬೆನ್ನನ್ನೆಲ್ಲ ಅಳೆದವನು ತನ್ನದನ್ನು ಒಮ್ಮೆಯೂ ಅಳೆದಿರಲಿಲ್ಲ. ಎರಡು ಭುಜವೂ ಸಮ ಎಂದುಕೊಂಡೇ ಮೂವತ್ತೈದು ವರ್ಷ ತನ್ನ ಅಂಗಿ ಕತ್ತರಿಸಿಕೊಂಡಿದ್ದ.

“ಮೆಷಿನ್ ಮೇಲೆ ಬಗ್ಗಿ ಬಗ್ಗಿ ಹಾಗಾಗಿದೆ,” ಅಂದಳು.

“ನಿನಗೆ ಮೊದಲೇ ಗೊತ್ತಿತ್ತಾ?”

“ಮದುವೆಯಾದ ಮೂರನೇ ವರ್ಷದಿಂದ ನೋಡ್ತಿದೀನಿ.”

“ಬಾಯಿ ಬಿಟ್ಟು ಹೇಳಕ್ಕೇನಾಗಿತ್ತೇ ನಿನಗೆ?”

“ಕಂಡಿದ್ದನ್ನ ಹೇಳಬಾರದು ಅಂತಲ್ವಾ ನಮಗೆ,” ಅಂದಳು ಅಕ್ಕ. ತಮಾಷೆಗೆಂದು ಶುರುವಾದ ಮಾತು, ಮುಗಿಯುವಷ್ಟರಲ್ಲಿ ತಮಾಷೆಯಾಗಿ ಉಳಿಯಲಿಲ್ಲ. ಟೇಪನ್ನು ಸುರುಳಿ ಸುತ್ತಿ ಅವನ ಕೈಗಿಟ್ಟಳು. “ನಾನು ಶಾಲೆಗೆ ಸೇರ್ತೀನಿ ರೀ. ಕೇಳ್ತಿಲ್ಲ, ಹೇಳ್ತಿದೀನಿ.”

ದರ್ಜಿ ಬಿಚ್ಚಿದ ಪ್ಯಾಂಟನ್ನು ಮಡಿಸಿದ, ಮಡಿಸಿದ್ದನ್ನು ಮತ್ತೆ ಬಿಚ್ಚಿದ. ಅವನಿಗೆ ಅವಮಾನವಾಗಿತ್ತು, ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ಗೊತ್ತಾಗುತ್ತಿರಲಿಲ್ಲ.

“ನನಗೂ ಒಬ್ಬ ಮೇಷ್ಟ್ರು ಇದ್ದಿದ್ರೆ ಹಿಂದೆ ನಿಂತು ಹೇಳ್ತಿದ್ರೋ ಏನೋ,” ಎಂದ ಕೊನೆಗೆ. “ಕಾಜಾ ಇಷ್ಟು ದಿನ ಕೈಯಲ್ಲೇ ಹಾಕಿಲ್ವಾ? ಹಾಕ್ತೀನಿ ಬಿಡು. ಎಷ್ಟೊತ್ತಿಗೆ ಬಾಗಿಲು ಹಾಕ್ತಾರೆ ಅವರು?”

“ಐದಕ್ಕೆ.”

“ಮತ್ತೆ ನಿಂತು ನನ್ನ ಮುಖ ಏನ್ ನೋಡ್ತೀಯ? ಹೊರಡು!”

ಅಕ್ಕ ಚೀಲ ಹೆಗಲಿಗೇರಿಸಿ, ಫೋಟೋ ಎತ್ತಿಕೊಳ್ಳಲು ಕೈ ಚಾಚಿದಳು. ಅಲ್ಲಿರಲಿಲ್ಲ. ಅವನಾಗಲೇ ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ಸ್ಟೂಲಿನ ಮೇಲೆ ಹತ್ತಿದ್ದ. ಕತ್ತರಿಸುವ ಮೇಜಿನ ಮೇಲ್ಗಡೆ, ಹೊಸ ಮಾದರಿಯ ಅಂಗಿಗಳ ಚಿತ್ರ ಅಂಟಿಸಿದ್ದ ಹಲಗೆಯಲ್ಲಿ ನಡುವಿನ ಚಿತ್ರವನ್ನು ಕಿತ್ತು ಇದನ್ನು ಚುಚ್ಚುತ್ತಿದ್ದ.

ಅವಳು ಮೆಟ್ಟಿಲು ಇಳಿಯುವಾಗ ಗಿರಾಕಿಯೊಬ್ಬ ಕೈಯಲ್ಲಿ ಬಟ್ಟೆಯ ಪೊಟ್ಟಣ ಹಿಡಿದು ಒಳಗೆ ಬಂದ. ಹಲಗೆಯ ಮೇಲೆ ಕಣ್ಣು ಬಿದ್ದು ಅಲ್ಲೇ ನಿಂತ.

“ಚೆನ್ನಾಗಿದೆಯಲ್ರೀ ಇದು. ಯಾರು?”

ಅಕ್ಕನಿಗೆ ಹೊತ್ತಾಗುತ್ತಿತ್ತು, ಆದರೂ ಕಾಲು ಕದಲಲಿಲ್ಲ. ದರ್ಜಿಯ ಬಾಯಲ್ಲಿ ಇನ್ನೂ ಒಂದು ಗುಂಡುಸೂಜಿ ಉಳಿದಿತ್ತು. ಅವನು ಸ್ಟೂಲಿನಿಂದ ಇಳಿದ, ಗಿರಾಕಿಗೆ ಬೆನ್ನು ಹಾಕಿ ತಿರುಗಿದ, ಹಿಡಿದಿದ್ದ ಉಸಿರು ಬಿಟ್ಟು ಕೈಗಳನ್ನು ಜೋಲಿಬಿಟ್ಟು ನಿಂತ.