ಐದನೇ ಸಾಲು

ಮನೆಬಸ್ಸಿನ ಹಿಂದೆ ಪಿಕಪ್ ಗಾಡಿ ಕಟ್ಟುತ್ತಿರುವವರನ್ನು ಯಾರೂ ಮಾತಾಡಿಸಬಾರದು. ನಮ್ಮಂತೆ ಬಸ್ಸಿನಲ್ಲೇ ಸಂಸಾರ ಹೂಡಿದವರೆಲ್ಲ ಇದನ್ನು ವ್ರತದಂತೆ ಪಾಲಿಸುತ್ತಾರೆ. ಯಾರೋ ಪುಣ್ಯಾತ್ಮ ಬಂದು "ಎಲ್ಲಿಗೆ ಹೊರಟ್ರಿ?" ಅಂದರೆ ಸಾಕು, ಒಂದು ಪಿನ್ ಮರೆತುಹೋಗುತ್ತದೆ, ಮುಂದಿನ ಇಳಿಜಾರಿನಲ್ಲಿ ನಿಮ್ಮದೇ ಪಿಕಪ್ ನಿಮ್ಮನ್ನು ಹಿಂದಿಕ್ಕಿ ಹೋಗುತ್ತದೆ.

ನನ್ನ ಗಂಡ ಓರಿನ್ ಅಂತೂ ಆ ಹೊತ್ತಿನಲ್ಲಿ ಮಹಾ ಸಿಡುಕ. ಬಸ್ಸಿಗೆ ಬಂದ ಮೇಲಿನ ಹನ್ನೊಂದು ವರ್ಷ ನಾನು ಪಕ್ಕದಲ್ಲಿ ನಿಂತು ಪ್ಲಾಸ್ಟಿಕ್ ಹೊದಿಸಿದ ಪಟ್ಟಿಯನ್ನು ಒಂದೊಂದೇ ಸಾಲು ಓದಿದೆ, ಅವನು ಮಾಡಿದ. ಅದರಾಚೆ ನಾನು ಕೆಮ್ಮುವಂತೆಯೂ ಇರಲಿಲ್ಲ. ಐದನೇ ಸಾಲು: ಗೇರಿನ ಪಕ್ಕದ ಚಿಕ್ಕ ಲಿವರ್ ನ್ಯೂಟ್ರಲ್‌ಗೆ. ಆಗ ಎಂಜಿನ್ನಿಗೂ ಚಕ್ರಗಳಿಗೂ ಸಂಬಂಧ ಕಡಿದು, ಪಿಕಪ್ ನಾಲ್ಕೂ ಚಕ್ರದ ಮೇಲೆ ಸಲೀಸಾಗಿ ಹಿಂದೆ ಉರುಳಿ ಬರುತ್ತದೆ. ಅದನ್ನು ನಾವು 'ಬಾಲ' ಅಂತಲೇ ಕರೆಯುತ್ತಿದ್ದೆವು. ಬಾಲ ಬಿಚ್ಚುವುದಕ್ಕೆ ಪಟ್ಟಿ ಇರಲಿಲ್ಲ. ಅದು ಓರಿನ್‌ಗೆ ಬಾಯಿಪಾಠ. ನಾನು ಆಗ ಒಳಗೆ ಕಾಫಿ ಮಾಡುತ್ತಿದ್ದೆ.

ಆ ಮೇ ತಿಂಗಳು ಮೊಂಟಾನಾದ ಬೆಟ್ಟದ ಮೇಲಿನ ಕ್ಯಾಂಪು ನೋಡಿಕೊಳ್ಳುವ ಕೆಲಸಕ್ಕೆ ಹೊರಟಿದ್ದೆವು. ಕಿರಿದಾದ ಏರುದಾರಿ. ಹನ್ನೆರಡು ಮೈಲಿ ಹತ್ತಿದ ಮೇಲೆ ಕಬ್ಬಿಣದ ಗೇಟು, ಬೀಗ, ಒಂದು ಕಾಗದ: ಹಿಮ ಕರಗಿಲ್ಲ, ಜೂನ್‌ನಲ್ಲಿ ಬನ್ನಿ. ಬಾಲ ಕಟ್ಟಿಕೊಂಡು ಬಸ್ಸನ್ನು ಹಿಂದಕ್ಕೆ ತೆಗೆಯುವಂತಿಲ್ಲ. ಪಿಕಪ್ಪಿನ ಮುಂದಿನ ಚಕ್ರಗಳು ತಮಗಿಷ್ಟ ಬಂದ ಕಡೆ ತಿರುಗಿ ಎಳೆಯುವ ಕಂಬಿಯನ್ನೇ ಸೊಟ್ಟ ಮಾಡಿಬಿಡುತ್ತವೆ. ಬಿಚ್ಚಲೇಬೇಕು.

ಓರಿನ್ ಎದ್ದವನು ಹಾಗೇ ಸೀಟಿನಲ್ಲಿ ಕುಸಿದ. ಕೈ ಎದೆಯ ಮೇಲಿತ್ತು.

"ಅಜೀರ್ಣ ಕಣೇ, ಲೀಟಾ. ನಿನ್ನೆ ರಾತ್ರಿ ನೀನು ಮಾಡಿದ ಬೀನ್ಸ್‌ದೇ ಕೆಲ್ಸ."

"ಕನ್ನಡೀಲಿ ಮುಖ ನೋಡ್ಕೋ. ಬೂದಿ ಬಣ್ಣ ಆಗಿದೀಯ."

ಫೋನಿಗೆ ಸಿಗ್ನಲ್ ಇರಲಿಲ್ಲ. ಆಸ್ಪತ್ರೆ ನಲವತ್ತು ಮೈಲಿ ದೂರ. ಆಸ್ಪಿರಿನ್ ಅಗಿಸಿದೆ. ಅವನ ಕತ್ತೆಲ್ಲ ತಣ್ಣಗೆ ಬೆವರುತ್ತಿತ್ತು.

"ಬಾಲ ಬಿಚ್ತೀನಿ. ಅದ್ರಲ್ಲೇ ಹೋಗೋಣ," ಅಂದೆ.

"ನೀನಾ?" ನಗಲು ಹೋದ, ಆಗಲಿಲ್ಲ.

"ಹ್ಞೂಂ, ನಾನೇ. ನೀನು ಹೇಳ್ತಾ ಹೋಗು. ಬಾಯಿ ಮಾತ್ರ ನಿಲ್ಲಿಸ್ಬೇಡ." ಬಸ್ಸು ನಿಲ್ಲಿಸುವಾಗ ಬಳಸುವ ಎರಡು ವಾಕಿಟಾಕಿ ಇದ್ದವು. ಒಂದನ್ನು ಅವನ ಕೈಗೆ ತುರುಕಿ, ಇನ್ನೊಂದನ್ನು ಜೇಬಿಗೆ ಹಾಕಿಕೊಂಡು ಹಿಂದಕ್ಕೆ ಓಡಿದೆ.

"ಮೊದ್ಲು ಪಿಕಪ್ ಹತ್ತು," ಜೇಬಿನಿಂದ ಅವನ ದನಿ ಬಂತು. "ಸ್ಟಾರ್ಟ್ ಮಾಡು. ಹ್ಯಾಂಡ್‌ಬ್ರೇಕ್ ಎಳಿ."

"ಎಳ್ದೆ. ಆಮೇಲೆ?"

ಉಸಿರು ಮಾತ್ರ ಕೇಳಿಸಿತು, ಗರಗಸದಂತೆ.

"ಆಮೇಲೆ ಏನೋ? ಓರಿನ್!"

"...ಪಿನ್ನು. ಎರಡೂ ಪಿನ್ನು. ಕೇಬಲ್ಲು."

ಕೇಬಲ್ಲುಗಳು ಬಂದವು. ಒಂದು ಪಿನ್ ಬಂತು. ಇನ್ನೊಂದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಸುತ್ತಿಗೆಯಿಂದ ಹೊಡೆದೆ. ನನ್ನ ಹೆಬ್ಬೆರಳಿಗೇ ಹೊಡೆದುಕೊಂಡೆ. ಗೇಟಿಗೆ, ಹಿಮಕ್ಕೆ, ಆ ಕಾಗದ ಅಂಟಿಸಿದವನ ವಂಶಕ್ಕೆಲ್ಲ ಬೈದೆ. ಕೊನೆಗೆ ಅತ್ತೇಬಿಟ್ಟೆ.

"ಬರ್ತಿಲ್ಲ ಕಣೋ!"

"ಪಿಕಪ್ ತೂಕ ಎಳೀತಿದೆ. ನಾನು ಬಸ್ಸನ್ನ ಒಂದಂಗುಲ ಹಿಂದೆ ಬಿಡ್ತೀನಿ. ಮಧ್ಯ ನಿಲ್ಬೇಡ, ಪಕ್ಕಕ್ಕೆ ಬಾ."

ಬ್ರೇಕು ಬುಸ್ಸೆಂದಿತು. ಬಸ್ಸು ಒಂದಿಷ್ಟೇ ಹಿಂದೆ ಸರಿದು ನಿಂತಿತು. ಪಿನ್ ಬೆಣ್ಣೆಯಲ್ಲಿದ್ದಂತೆ ಕೈಗೆ ಬಂತು.

ಅವನನ್ನು ಹೇಗೆ ಇಳಿಸಿದೆನೋ ನನಗೇ ಗೊತ್ತಿಲ್ಲ. ಪಿಕಪ್ಪಿನಲ್ಲಿ ಕೂರಿಸಿ, ಬೆಲ್ಟ್ ಹಾಕಿ, ರಿವರ್ಸ್‌ಗೆ ತಂದು ಹ್ಯಾಂಡ್‌ಬ್ರೇಕ್ ಬಿಟ್ಟೆ. ಗಾಡಿ ತಣ್ಣಗೆ ಹಿಂದಕ್ಕೆ ಇಳಿಯಿತು. ಎಷ್ಟು ಹೆಮ್ಮೆಯಾಯಿತು ನನಗೆ! ಸ್ವಲ್ಪ ಕೆಳಗೆ ಮರ ಸಾಗಿಸುವ ಲಾರಿಗಳು ತಿರುಗುವ ಸಮತಟ್ಟು ಜಾಗವಿತ್ತು. ಅದರೊಳಕ್ಕೆ ಹಿಂದಿನಿಂದ ನುಗ್ಗಿಸಿ, ಮುಂದಿನ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದೆ.

ಎಂಜಿನ್ ಕಿರುಚಿತು. ಗಾಡಿ ಒಂದು ಗೇಣೂ ಕದಲಲಿಲ್ಲ.

ಮತ್ತೆ ಒತ್ತಿದೆ. ಕದಲಲಿಲ್ಲ. ಗೇರ್‌ಬಾಕ್ಸ್ ಸುಟ್ಟುಹಾಕಿದೆ, ಇವನನ್ನು ನಾನೇ ಕೊಂದೆ ಅಂದುಕೊಂಡೆ. ಸ್ಟಿಯರಿಂಗನ್ನು ಗುದ್ದಿದೆ. ಸುತ್ತ ಪೈನ್ ಮರ, ಕೊಳಕು ಹಿಮ. ನರಪಿಳ್ಳೆಯೂ ಇರಲಿಲ್ಲ. "ದೇವರೇ, ದೇವರೇ," ಅಂತ ಅರಚುತ್ತಿದ್ದೆ.

ಓರಿನ್ ಕಣ್ಣು ತೆರೆಯಲಿಲ್ಲ. ಅವನ ಕೈ ಮಾತ್ರ ತಡಕಾಡುತ್ತಾ ಬಂದು ಗೇರಿನ ಪಕ್ಕದ ಚಿಕ್ಕ ಲಿವರಿನ ಮೇಲೆ ಕೂತಿತು.

"ಐದ್ನೇ ಸಾಲು, ಲೀಟಾ," ಅಂದ. "ನ್ಯೂಟ್ರಲ್ ತೆಗಿ."

ಇಳಿಜಾರಿನಲ್ಲಿ ಗಾಡಿ ಇಳಿದದ್ದು ತನ್ನ ಭಾರಕ್ಕೆ, ನನ್ನ ಜಾಣತನದಿಂದಲ್ಲ. ಬ್ರೇಕ್ ತುಳಿದು ಅವನ ಕೈಯ ಮೇಲೇ ಕೈಯಿಟ್ಟು ಲಿವರ್ ಎಳೆದೆ. ಗಾಡಿ ಮುಂದೆ ಹಾರಿತು.

ದಾರಿಯುದ್ದಕ್ಕೂ ಒಂದೇ ಸಮನೆ ಮಾತಾಡಿದೆ. ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಸಿದ್ದನಲ್ಲ, ಅದನ್ನೆಲ್ಲ ಮಾತಾಡಿದೆ. ಬೈದೆ, ಬೇಡಿಕೊಂಡೆ, ನಮ್ಮ ಮದುವೆಯ ದಿನ ಕೇಕು ಬಿದ್ದದ್ದನ್ನು ನೆನಪಿಸಿದೆ. ಹೆದ್ದಾರಿ ಸೇರುವ ಹೊತ್ತಿಗೆ ಅವನ ಕೈ ಲಿವರಿನಿಂದ ಜಾರಿ ಸೀಟಿನ ಸಂದಿಯಲ್ಲಿ ಬಿದ್ದಿತ್ತು. ನಾನು ಮಾತು ನಿಲ್ಲಿಸಲಿಲ್ಲ. ಆಸ್ಪತ್ರೆಯವರು ಬಾಗಿಲು ತೆಗೆದಾಗಲೂ ಮಾತಾಡುತ್ತಲೇ ಇದ್ದೆನಂತೆ.

ನಲವತ್ತೆರಡು ವರ್ಷ ಜೊತೆಗಿದ್ದವನು ನನಗೆ ಕೊನೆಗೆ ಹೇಳಿದ್ದು ಆ ಪಟ್ಟಿಯ ಒಂದು ಸಾಲು.

ಈಗ ಓದುವವಳೂ ನಾನೇ, ಕಟ್ಟುವವಳೂ ನಾನೇ. ಅಕ್ಕಪಕ್ಕದ ಬಸ್ಸಿನವರು ಪದ್ಧತಿ ಬಲ್ಲವರು, ದೂರದಿಂದ ಕೈಬೀಸಿ ಸುಮ್ಮನೆ ಹೋಗುತ್ತಾರೆ. ಐದನೇ ಸಾಲಿಗೆ ಬಂದಾಗಲೆಲ್ಲ, ಯಾರಾದರೂ ಬಂದು ಮಾತಾಡಿಸಬಾರದೇ ಅನ್ನಿಸುತ್ತದೆ.